ಅತ್ತಿಗೆಯ ಗೂಟಗಳು

ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದ ದಿನ ಅವರ ಸಾಮಾನಿನಲ್ಲಿ ಒಂದು ಚೀಲ ವಿಪರೀತ ಭಾರವಿತ್ತು. ಅಮ್ಮ ಅದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ನಿಂತರು.

"ಏನಮ್ಮಾ ಇದು, ಕಲ್ಲು ತುಂಬ್ಕೊಂಡು ಬಂದಿದೀಯಾ?"

"ಬ್ಯಾಟರಿ ಅತ್ತೆ. ಆಫೀಸಿಂದು. ಮಳೆ ಶುರುವಾಗೋ ಮುಂಚೆ ಒಂದೊಂದನ್ನೂ ನೋಡಿ ಇಡ್ಬೇಕು."

"ಹೊಸದಾಗಿ ಮನೆಗೆ ಬಂದೋಳು ಬ್ಯಾಟರಿ ತಂದಿದಾಳೆ," ಎಂದು ಅಮ್ಮ ನನ್ನ ಕಡೆ ತಿರುಗಿ ಹೇಳಿದರು. ಬೈಗುಳವೋ ಹೊಗಳಿಕೆಯೋ ನನಗೆ ತಿಳಿಯಲಿಲ್ಲ. ಅಮ್ಮನಿಗೂ ತಿಳಿದಿರಲಿಲ್ಲವೇನೋ. ಮಾರನೆಯ ದಿನದಿಂದ ಅಡುಗೆಮನೆಯ ಅಟ್ಟದ ಮೇಲೆ, ಡಬ್ಬಿಗಳ ಪಕ್ಕ, ಬ್ಯಾಟರಿಗಳು ಸಾಲಾಗಿ ಕೂತು ಚಾರ್ಜಾಗತೊಡಗಿದವು. ಪುಟ್ಟ ಹಸಿರು ದೀಪಗಳು. ನೀರು ಕುಡಿಯಲು ಎದ್ದರೆ ಬೇರೆ ದೀಪ ಹಾಕಬೇಕಾಗಿರಲಿಲ್ಲ.

ನಮ್ಮದು ಗುಡ್ಡದ ಬುಡದ ಊರು. ನಾವು ಹುಟ್ಟುವ ಮುಂಚೆ ಒಮ್ಮೆ ಗುಡ್ಡದ ಒಂದು ಪಕ್ಕೆ ಜರಿದು ರಸ್ತೆಯನ್ನೇ ನುಂಗಿತ್ತಂತೆ. ಅದಾದ ಮೇಲೆ ಸರ್ಕಾರ ಒಂದು ಚಿಕ್ಕ ಕಚೇರಿ ತೆರೆದು, ಇಳಿಜಾರಿನ ಉದ್ದಕ್ಕೂ ಗೂಟಗಳನ್ನು ನೆಡಿಸಿತು. ಪ್ರತಿ ಗೂಟದ ಮೇಲೂ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದರ ತಲೆಯ ಮೇಲೆ ಅಂಗೈಯಗಲದ ಸೋಲಾರ್ ಹಲಗೆ, ಪಕ್ಕದಲ್ಲಿ ಬೆರಳುದ್ದದ ಆಂಟೆನಾ. ಒಳಗಿದ್ದ ಸೆನ್ಸರ್ ಮಣ್ಣು ಎಷ್ಟು ನೆನೆದಿದೆ, ನೆಲ ಎಷ್ಟು ವಾಲಿದೆ ಎಂದು ಅಳೆಯುತ್ತಿತ್ತು. ತಂತಿ ಗಿಂತಿ ಇಲ್ಲ. ತುದಿಯ ಗೂಟದ ದನಿ ಕಚೇರಿಯವರೆಗೆ ಮುಟ್ಟುವಷ್ಟು ಜೋರಿರಲಿಲ್ಲ. ಅದು ತನ್ನ ಕೆಳಗಿನ ಗೂಟಕ್ಕೆ ಹೇಳಬೇಕು, ಅದು ಅದರ ಕೆಳಗಿನದಕ್ಕೆ. ಹೀಗೆ ಕಿವಿಯಿಂದ ಕಿವಿಗೆ ದಾಟಿ ಸುದ್ದಿ ಕೆಳಗೆ ಬರುತ್ತಿತ್ತು. ಆ ಮಾತು ಎಲ್ಲೂ ತುಂಡಾಗದಂತೆ ನೋಡಿಕೊಳ್ಳುವುದೇ ಅತ್ತಿಗೆಯ ಕೆಲಸ. ಅವರು ಅದನ್ನೇ ಓದಿ, ಅದಕ್ಕಾಗಿಯೇ ಈ ಊರಿಗೆ ಬಂದವರು.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಮೊದಮೊದಲು ಸೊಸೆಯ ಕೆಲಸಕ್ಕೆ ಮೂಗು ಮುರಿಯುತ್ತಿದ್ದರು. "ತಂತೀನೇ ಇಲ್ದೆ ಅದೇನು ಲೈನು?" ಎನ್ನುತ್ತಿದ್ದರು. ಒಂದು ಸಂಜೆ ಅತ್ತಿಗೆ ಅಣ್ಣನ ಹೊಲಿಗೆ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಗುಂಡಿಗಳನ್ನು ಹರಡಿ ಅಮ್ಮನಿಗೆ ವಿವರಿಸಿದರು. ಅಂಗಡಿ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲೇ.

"ಇವನು ಇವನಿಗೆ ಹೇಳ್ತಾನೆ, ಇವನು ಇವನಿಗೆ."

ಅಮ್ಮ ನಡುವಿನ ಒಂದು ಗುಂಡಿಯನ್ನು ತೆಗೆದು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡರು. "ಇವನು ಹೋದ್ರೆ?"

"ಮೇಲಿನೋನು ಪಕ್ಕದೋನನ್ನ ಹುಡುಕ್ತಾನೆ. ಕೈಗೆಟುಕೋ ಹಾಗಿದ್ರೆ ಸರಿ. ಇಲ್ದಿದ್ರೆ ಮೇಲಿರೋರೆಲ್ಲ ಇದ್ದೂ ಇಲ್ಲದ ಹಾಗೆ."

"ಅಂದ್ರೆ ಟ್ರಂಕ್ ಲೈನ್ ಹೋದ ಹಾಗೆ," ಎಂದರು ಅಮ್ಮ. ಆಮೇಲೆ ಅವರು ಅತ್ತಿಗೆಯನ್ನು ದಿನಾ ಸಂಜೆ ಕೇಳುವ ಮೊದಲ ಪ್ರಶ್ನೆ "ಇವತ್ತು ಯಾರ ಲೈನ್ ಹೋಗಿತ್ತು?" ಎಂಬುದೇ ಆಯಿತು.

ದಿನಕ್ಕೊಂದಾದರೂ ಹೋಗುತ್ತಲೇ ಇತ್ತು. ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟುತ್ತಿತ್ತು. ಹಸುಗಳು ಬೆನ್ನು ತಿಕ್ಕಿಕೊಳ್ಳಲು ಗೂಟಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ತೀರ್ಮಾನಿಸಿದ್ದವು. ಒಮ್ಮೆ ಯಾರೋ ಮಹಾನುಭಾವರು ಗೂಟಕ್ಕೆ ಹಗ್ಗ ಕಟ್ಟಿ ಒದ್ದೆ ಬೆಡ್‌ಶೀಟ್ ಒಣಹಾಕಿದ್ದರಿಂದ ಗೂಟ ಬಾಗಿ, ಗುಡ್ಡವೇ ವಾಲಿತೆಂದು ಕಚೇರಿಯಲ್ಲಿ ಗಂಟೆ ಹೊಡೆದುಕೊಂಡಿತ್ತು. ಅತ್ತಿಗೆ ಏದುಸಿರು ಬಿಡುತ್ತಾ ಓಡಿಹೋಗಿ ನೋಡಿದರೆ ಹೂವಿನ ಚಿತ್ತಾರದ ಬೆಡ್‌ಶೀಟು. ಅದನ್ನು ಮಡಿಸಿ, ಪಕ್ಕದ ಮನೆಯ ಬಾಗಿಲು ತಟ್ಟಿ, "ಇನ್ಮೇಲೆ ನಮ್ಮ ಆಫೀಸಿನ ತಾರಸಿ ಮೇಲೆ ಹಾಕಿ, ಬಿಸಿಲು ಚೆನ್ನಾಗಿ ಬರುತ್ತೆ" ಎಂದು ಕೊಟ್ಟು ಬಂದರಂತೆ.

ಅವರ ಜೊತೆ ಗುಡ್ಡ ಹತ್ತುತ್ತಿದ್ದವನು ಹಗ್ಗದಣ್ಣ. ಸದಾ ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು ತಿರುಗುತ್ತಿದ್ದುದರಿಂದ ಆ ಹೆಸರು. ಮಾತು ಕಡಿಮೆ, ಕಾಲು ಗಟ್ಟಿ. ಅಣ್ಣ ಪೆಟ್ಟಿಗೆಗಳಿಗೆ ಮಳೆ ತಾಗದಂತೆ ದಪ್ಪ ಬಟ್ಟೆಯ ಟೊಪ್ಪಿಗೆ ಹೊಲಿದುಕೊಡುತ್ತಿದ್ದ. ಮೊದಲ ಸಲ ಹೊಲಿದವು ಬಿಗಿಯಾಗಿ ಸೋಲಾರ್ ಹಲಗೆಯೂ ಮುಚ್ಚಿಹೋಗಿ, ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವುಗಳಿಗೆ ಕಣ್ಣೇ ಕಾಣಲ್ವಲ್ರೀ," ಎಂದರು. ಅಣ್ಣ ಮುಖ ಊದಿಸಿಕೊಂಡು ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬಿಸಿ ಇಸ್ತ್ರಿಯ ವಾಸನೆ, ಬೆಸುಗೆ ಹಾಕುವ ವಾಸನೆ, ಕುದಿಯುವ ಟೀಯ ವಾಸನೆ ಒಟ್ಟಿಗೇ ಇರುತ್ತಿದ್ದವು. ಈಗಲೂ ಎಲ್ಲಾದರೂ ಸೀಸ ಕರಗಿದ ವಾಸನೆ ಬಂದರೆ ನನಗೆ ಟೀ ಕುಡಿಯಬೇಕೆನಿಸುತ್ತದೆ.

ನಾನು ಕಾಲೇಜು ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ವರ್ಷ ಅತ್ತಿಗೆ ನನ್ನನ್ನು ಕಚೇರಿಗೆ ಸೇರಿಸಿಕೊಂಡರು. ಮಳೆಗಾಲ ಮುಗಿಯುವವರೆಗೆ ಪರದೆ ನೋಡುತ್ತಾ ಕೂರುವ ಕೆಲಸ. ಪರದೆಯ ಮೇಲೆ ಗುಡ್ಡದ ನಕ್ಷೆ, ಅದರ ತುಂಬ ಹಸಿರು ಚುಕ್ಕಿಗಳು. ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿದರೆ ಅತ್ತಿಗೆಗೆ ಹೇಳಬೇಕು.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ನಾನು ನೋಡುನೋಡುತ್ತಿದ್ದಂತೆ ಗುಡ್ಡದ ನಡುವಿನ ನಾಲ್ಕಾರು ಚುಕ್ಕಿಗಳು ಒಮ್ಮೆಲೇ ಬೂದಿಯಾದವು. ಸ್ವಲ್ಪ ಹೊತ್ತಿಗೆ ಅವುಗಳ ಮೇಲಿದ್ದ ಅಷ್ಟೂ ಚುಕ್ಕಿಗಳು ಒಂದೊಂದಾಗಿ ಆರಿದವು. ಹೊರಗೆ ಬಂದು ನೋಡಿದರೆ, ಯಾರೋ ಕೈಯಿಂದ ಗೋಡೆಯ ಸುಣ್ಣ ಕೆರೆದು ತೆಗೆದಂತೆ, ಇಳಿಜಾರಿನ ಹೊಟ್ಟೆಯಲ್ಲಿ ಅಗಲವಾದ ಕೆಂಪು ಗಾಯ. ಜರಿದ ಮಣ್ಣು ಯಾರೂ ಇಲ್ಲದ ಹಳ್ಳಕ್ಕೆ ಹೋಗಿ ಬಿದ್ದಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ.

ಗಾಯದ ನೇರ ಕೆಳಗೆ, ಹಳ್ಳದಾಚೆ, ಬಣ್ಣದ ಬೀದಿ. ನೂಲಿಗೆ ಬಣ್ಣ ಹಾಕುವವರ ಮನೆಗಳು. ಅವರನ್ನೆಲ್ಲ ಆ ದಿನವೇ ಶಾಲೆಗೆ ಸಾಗಿಸಿದರು. ಎರಡು ದಿನ ಬಿಟ್ಟು ಮಳೆ ನಿಂತು ಎಳೆ ಬಿಸಿಲು ಬಂದದ್ದೇ ತಡ, ಎಲ್ಲರೂ ಕಚೇರಿಯ ಮುಂದೆ ಬಂದು ನಿಂತರು. ಮುಂದಾಳು ಬಣ್ಣದಕ್ಕ. ಬೀದಿಯಲ್ಲೇ ದೊಡ್ಡ ತೊಟ್ಟಿ ಅವರದು. ಮೊಣಕೈವರೆಗೆ ಯಾವಾಗಲೂ ನೀಲಿ.

"ಬಿಸಿಲು ಬಿದ್ದಿದೆ. ನಾವು ಮನೆಗೆ ಹೋಗ್ತೀವಿ. ತೊಟ್ಟೀಲಿ ನೆನೆಸಿದ ನೂಲು ಕೊಳೀತಾ ಇದೆ."

ಕಚೇರಿಯ ಸಾಹೇಬರು ಒಳ್ಳೆಯವರು, ಆದರೆ ಎರಡು ದಿನದಿಂದ ಎಲ್ಲ ಕಡೆಯಿಂದಲೂ ಬೈಸಿಕೊಂಡು ಹಣ್ಣಾಗಿದ್ದರು. ಅವರು ಪರದೆಯ ಕಡೆ ನೋಡಿದರು. "ಯಾವ ಸೂಚನೆಯೂ ಇಲ್ವಲ್ಲಮ್ಮಾ. ಕೆಳಗಿನ ಗೂಟಗಳೆಲ್ಲ ಸರಿಯಾಗಿವೆ. ಕಳಿಸಿಬಿಡೋಣ್ವಾ?"

"ಬೇಡಿ ಸರ್," ಎಂದರು ಅತ್ತಿಗೆ. "ಸೂಚನೆ ಇಲ್ಲ ಅಂತಲ್ಲ, ನಮಗೆ ಕೇಳಿಸ್ತಿಲ್ಲ. ಸುಮ್ಮನಿರೋದು ಬೇರೆ, ಸರಿಯಿರೋದು ಬೇರೆ."

"ಮೇಲಿನವು ಸತ್ತೇ ಹೋಗಿದ್ರೆ?"

"ಸತ್ತಿರೋದು ನಡುವಿನವು. ಮೇಲಿನವು ಬದುಕಿವೆ ಅನ್ಸುತ್ತೆ. ಕೆಳಗಿನವರು ಸಿಗದೆ ಕೂಗ್ತಾ ಇರ್ತವೆ. ಮೋಡ ಬೇರೆ ಇತ್ತು. ಕೂಗಿ ಕೂಗಿ ಬ್ಯಾಟರಿ ಮುಗಿಸ್ಕೊಂಡ್ರೆ ಆಮೇಲೆ ನಿಜವಾಗ್ಲೂ ಸಾಯ್ತವೆ."

"ಹೊಸ ಗೂಟ ನೆಡೋಣ ಅಂದ್ರೆ ಸ್ಟೋರಲ್ಲಿ ಒಂದೂ ಇಲ್ಲ. ರಸ್ತೆ ಮುಚ್ಚಿದೆ, ಲಾರಿ ಬರಲ್ಲ."

"ನಾಳೆ ಸಂಜೆವರೆಗೆ ಟೈಮ್ ಕೊಡಿ ಸರ್."

ಬಣ್ಣದಕ್ಕ ಬಾಗಿಲಿಗೆ ಅಡ್ಡ ನಿಂತು ಕೇಳಿಸಿಕೊಳ್ಳುತ್ತಿದ್ದವರು, "ನಿಮ್ಮ ಗೂಟಕ್ಕೋಸ್ಕರ ನಾವು ಬೆಂಚಿನ ಮೇಲೆ ಮಲಗ್ಬೇಕಾ?" ಎಂದರು. ಅತ್ತಿಗೆ ಅವರ ಮುಖ ನೋಡಿ, "ಇನ್ನೊಂದು ರಾತ್ರಿ ಮಲಗಿ ಅಕ್ಕಾ. ಆಮೇಲೆ ನನ್ನನ್ನ ಏನು ಬೇಕಾದ್ರೂ ಅನ್ನಿ," ಎಂದರು. ಬಣ್ಣದಕ್ಕ ಆಗಲೇ ಅನ್ನಬೇಕಾದ್ದನ್ನೆಲ್ಲ ಅಂದು, ದಡದಡ ಹೊರಟುಹೋದರು.

ಮನೆಗೆ ಬಂದು ಅತ್ತಿಗೆ ಕತ್ತರಿಸುವ ಮೇಜಿಗೆ ಕೈಯೂರಿ ನಿಂತರು. ಕಚೇರಿಯ ಹತ್ತಿರದ ಇಳಿಜಾರಿನಲ್ಲಿ ಗೂಟಗಳು ಒತ್ತೊತ್ತಾಗಿದ್ದವು. ಹಿಂದೆ ನೆಟ್ಟವರು ಹತ್ತುವುದು ಸುಲಭವೆಂದು ಅಲ್ಲೇ ಜಾಸ್ತಿ ನೆಟ್ಟಿದ್ದರು. "ಅಲ್ಲಿಂದ ಒಂದಿಷ್ಟು ಕಿತ್ತು ಮೇಲಕ್ಕೆ ಒಯ್ದರಾಯ್ತಲ್ಲ," ಎಂದ ಅಣ್ಣ.

"ಒಯ್ದರೆ ಅಲ್ಲಿ ತೂತು ಬೀಳುತ್ತೆ. ಮೇಲೆ ಮುಚ್ಚಿದ್ದು ಕೆಳಗೆ ಹರಿದ ಹಾಗೆ." ಮೇಜಿನ ಮೇಲೆ ಗುಂಡಿಗಳನ್ನು ಸಾಲಾಗಿಟ್ಟು, "ಬಸ್ಸಲ್ಲಿ ಒಬ್ಬರಿಗೆ ಜಾಗ ಬೇಕು ಅಂದ್ರೆ ಏನು ಮಾಡ್ತೀವಿ? ಯಾರೂ ಎದ್ದು ಹೋಗಲ್ಲ, ಎಲ್ಲರೂ ಒಂದೊಂದು ಚೂರು ಸರೀತಾರೆ. ಹಾಗೇ ಮಾಡೋಣ. ಪ್ರತಿಯೊಂದನ್ನೂ ಅದರ ಮೇಲಿನದರ ಜಾಗದ ಕಡೆ ಸ್ವಲ್ಪ ಸ್ವಲ್ಪ ಸರಿಸಿದ್ರೆ ಗಾಯದ ಅಂಚಿಗೆ ಒಂದೆರಡು ಮಿಗ್ತವೆ. ಯಾರ ಕೈಯೂ ಬಿಡಲ್ಲ," ಎಂದರು.

"ಯಾರು ಸರಿಸೋರು?"

"ನಾವೇ."

ಮಾರನೆಯ ಬೆಳಿಗ್ಗೆ ಅಣ್ಣ ಅಂಗಡಿಗೆ ಬೀಗ ಹಾಕಿದ. ಹಗ್ಗದಣ್ಣ, ಸಾಹೇಬರು, ಕಚೇರಿಯ ಇನ್ನಿಬ್ಬರು, ಅತ್ತಿಗೆ, ನಾನು. ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಹೊರಟು ನಿಂತಿದ್ದರು. ಅವರ ಮಂಡಿ ಗುಡ್ಡ ಹತ್ತುವ ಮಂಡಿಯಲ್ಲ. ಅತ್ತಿಗೆ ಅವರನ್ನು ಕಚೇರಿಯಲ್ಲಿ ನನ್ನ ಕುರ್ಚಿಯ ಮೇಲೆ ಕೂರಿಸಿ, ಕೈಗೆ ವಾಕಿಟಾಕಿ ಕೊಟ್ಟು, "ಯಾವ ಚುಕ್ಕಿ ಹಸಿರಾಯ್ತು, ಯಾವುದು ಹೋಯ್ತು ಹೇಳ್ತಾ ಇರಿ ಅತ್ತೆ," ಎಂದರು. ಅಮ್ಮ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಗುಂಡಿ ಒತ್ತಿದ ಕೂಡಲೇ ಅವರ ದನಿಯೇ ಬದಲಾಯಿತು. ಎಷ್ಟೋ ವರ್ಷದ ಹಿಂದೆ ಫೋನಿನಲ್ಲಿ ಕೇಳುತ್ತಿದ್ದ ಆ ನಯವಾದ, ಯಾರದೂ ಅಲ್ಲದ ದನಿ. "ಹಲೋ, ಕೇಳಿಸ್ತಿದೆಯಾ? ಹೇಳಿ."

ಮಣ್ಣು ಗಂಜಿಯಂತಾಗಿತ್ತು. ಗೂಟ ಕಿತ್ತರೆ ಹಿಂದೆಯೇ ನೀರು ಜಿನುಗುತ್ತಿತ್ತು. ಒಂದನ್ನು ಸರಿಸಿ ನೆಟ್ಟು, ಅಮ್ಮ "ಬಂತು" ಅಂದ ಮೇಲೇ ಇನ್ನೊಂದಕ್ಕೆ ಕೈ ಹಾಕಬೇಕೆಂದು ಅತ್ತಿಗೆ ಕಟ್ಟಪ್ಪಣೆ ಮಾಡಿದ್ದರು. ಸಾಹೇಬರು ಜಾರಿ ಕೂತಲ್ಲೇ ಕೂತು, ತಮ್ಮ ಪ್ಯಾಂಟಿನ ಕಡೆ ನೋಡಿ, ಎದ್ದರು. ಅಣ್ಣ ಒಂದೊಂದು ಪೆಟ್ಟಿಗೆಯ ಟೊಪ್ಪಿಗೆಯನ್ನೂ ಎಳೆದು ಸರಿಮಾಡುತ್ತಿದ್ದ, ಮಗುವನ್ನು ಶಾಲೆಗೆ ಕಳಿಸುವವನಂತೆ. ಮಧ್ಯಾಹ್ನದ ಹೊತ್ತಿಗೆ ನಾವು ಗಾಯದ ಕೆಳ ಅಂಚು ಮುಟ್ಟಿದ್ದೆವು. ಕೈಯಲ್ಲಿ ಉಳಿದದ್ದು ಎರಡು ಗೂಟ.

ಒಂದನ್ನು ಅಂಚಿನಲ್ಲಿ ನೆಟ್ಟರು. ವಾಕಿಟಾಕಿಯಲ್ಲಿ ಅಮ್ಮ, "ನಿಮ್ಮದು ಬಂತು. ಮೇಲಿನವು ಯಾವುದೂ ಬಂದಿಲ್ಲ," ಎಂದರು. ಆಂಟೆನಾ ತಿರುಗಿಸಿದರು, ಗೂಟವನ್ನು ಕಲ್ಲಿನ ಮೇಲೇರಿಸಿದರು. ಅದೇ ಉತ್ತರ. ಗಾಯ ಅಂದುಕೊಂಡದ್ದಕ್ಕಿಂತ ಅಗಲವಿತ್ತು.

"ನಾನು ಹಗ್ಗ ಕಟ್ಕೊಂಡು ದಾಟ್ತೀನಿ," ಎಂದ ಹಗ್ಗದಣ್ಣ.

"ಬೇಡ. ಗೂಟ ಹೋದ್ರೆ ಇನ್ನೊಂದು ತರಿಸ್ಬಹುದು."

ಅವನು ಹಗ್ಗವನ್ನು ಹೆಗಲಿನಿಂದ ಇಳಿಸಿ ಕೂತ. ಅತ್ತಿಗೆಯೂ ಒಂದು ಕಲ್ಲಿನ ಮೇಲೆ ಕೂತು, ಕೆಸರು ಕೈಯಿಂದಲೇ ಹಣೆ ಒರೆಸಿಕೊಂಡರು. ಅವರು ಅಷ್ಟು ಸೋತು ಕೂತಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೆ ಅವರು ತಲೆ ಎತ್ತಿ, ಮೇಲಕ್ಕಲ್ಲ, ಪಕ್ಕಕ್ಕೆ ನೋಡಿದರು. ಇಳಿಜಾರಿನ ಬದಿಯ ದಿಣ್ಣೆಯ ಮೇಲೆ ಒಂದು ಹೆಂಚಿನ ಮನೆ. ಅದರ ಅಂಗಳದಲ್ಲಿ ಎತ್ತರದ ಕಂಬದ ಮೇಲೆ ಪಾರಿವಾಳದ ಗೂಡು.

"ಅಲ್ಲಿಂದ ಎರಡು ಕಡೆಯೂ ಕಾಣುತ್ತೆ," ಎಂದರು.

"ಅದು ಪಾರಿವಾಳದ ತಾತನ ಮನೆ," ಎಂದರು ಸಾಹೇಬರು, ಅಷ್ಟು ಹೇಳಿದರೆ ಸಾಕೆಂಬಂತೆ.

ನಿಜಕ್ಕೂ ಸಾಕಿತ್ತು. ಹಿಂದೆ ಕಚೇರಿಯವರು ಸಿಗ್ನಲ್ಲಿಗೆ ಅಡ್ಡವೆಂದು ತಾತನ ಮನೆ ಮುಂದಿನ ಮರವನ್ನು ಒಂದು ಮಾತೂ ಕೇಳದೆ ಕಡಿಸಿದ್ದರು. ಅಂದಿನಿಂದ ಕಚೇರಿಯವರ ನೆರಳು ಕಂಡರೂ ತಾತ ಗೇಟು ಹಾಕುತ್ತಿದ್ದರು. ಅತ್ತಿಗೆ ಗೂಟವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು. ಹಿಂದೆ ನಾನು.

ತಾತ ಕಾಳು ಹಾಕುತ್ತಿದ್ದರು. ನಮ್ಮನ್ನು ನೋಡಿದ ಕೂಡಲೇ, "ಗೂಟದವರಾ? ಬಂದ ದಾರಿ ಗೊತ್ತಲ್ಲ," ಎಂದರು.

"ಗೊತ್ತು ತಾತ. ಒಂದು ಮಾತು ಹೇಳಿ ಹೋಗ್ತೀನಿ. ಮರ ಕಡಿಸಿದ್ದು ತಪ್ಪು. ನಾನಿದ್ದಿದ್ರೆ ಹಾಗೆ ಮಾಡ್ತಿರಲಿಲ್ಲ ಅಂತ ಹೇಳಲ್ಲ. ಆಗಿನ್ನೂ ಬುದ್ಧಿ ಇರಲಿಲ್ಲ, ನಾನೂ ಕಡಿಸ್ತಿದ್ನೇನೋ."

ತಾತ ಕೈಯಲ್ಲಿದ್ದ ಕಾಳನ್ನು ಮತ್ತೆ ಡಬ್ಬಕ್ಕೆ ಸುರಿದರು. "ಈಗೇನು ಬೇಕು?"

ಅತ್ತಿಗೆ ಎಲ್ಲವನ್ನೂ ಹೇಳಿದರು. ಮೇಲಿನ ಗೂಟಗಳು, ಕೇಳಿಸದ ಮಾತು, ಶಾಲೆಯಲ್ಲಿ ಮಲಗಿರುವ ಬೀದಿ. ಪಾರಿವಾಳದ ಕಂಬದ ತುದಿಗೆ ಇದೊಂದು ಪೆಟ್ಟಿಗೆ ಕಟ್ಟಬೇಕು.

"ನನ್ನ ಹಕ್ಕಿಗಳಿಗೆ ಏನಾದ್ರೂ ಆಗುತ್ತಾ?"

"ಆಗಲ್ಲ ಅನ್ಕೊಂಡಿದೀನಿ. ಆಣೆ ಮಾಡಿ ಹೇಳಕ್ಕಾಗಲ್ಲ. ಒಂದು ಹಕ್ಕಿ ಗೂಡು ಬಿಟ್ರೂ ನಾನೇ ಬಂದು ಬಿಚ್ಕೊಂಡು ಹೋಗ್ತೀನಿ."

ತಾತ ಕೆಳಗೆ ಬಣ್ಣದ ಬೀದಿಯ ಕಡೆ ನೋಡುತ್ತಾ ನಿಂತರು. "ಆ ನೀಲಿ ಕೈಯಿನ ಹೆಣ್ಣುಮಗಳು ಇನ್ನೂ ಇದಾಳಾ? ನಮ್ಮ ಮನೆಯೋಳು ಇದ್ದಾಗ ಬಟ್ಟೆಗೆ ಬಣ್ಣ ಹಾಕಿಸೋಕೆ ಅವಳ ಹತ್ರಾನೇ ಹೋಗ್ತಿದ್ಲು. ದಿನವಿಡೀ ಅಲ್ಲೇ ಕೂತು ಹರಟೆ."

"ಇದಾರೆ. ಶಾಲೇಲಿದಾರೆ. ನಿನ್ನೆ ನನ್ನನ್ನ ಚೆನ್ನಾಗಿ ಬೈದ್ರು."

"ಬೈತಾಳೆ," ಎಂದು ತಾತ ಒಳಗೆ ಹೋದರು. ಬಾಗಿಲು ಹಾಕಿಕೊಂಡರೆಂದೇ ನಾನು ತಿಳಿದೆ. ಅವರು ಏಣಿ ಎಳೆದುಕೊಂಡು ಬಂದರು.

ಅತ್ತಿಗೆ ಏಣಿ ಹತ್ತಿ ಪೆಟ್ಟಿಗೆ ಕಟ್ಟಿದರು. ತಾತ ಕೆಳಗೆ ಏಣಿ ಹಿಡಿದು, "ಅಲ್ಲಲ್ಲ, ಸ್ವಲ್ಪ ಎಡಕ್ಕೆ, ಅಲ್ಲಿ ಅವು ಇಳಿಯೋ ಜಾಗ," ಎನ್ನುತ್ತಿದ್ದರು. ಕಟ್ಟಿ ಮುಗಿಯಿತು. ವಾಕಿಟಾಕಿಯಲ್ಲಿ ಬರೀ ಗೊರಗೊರ. ಆಮೇಲೆ ಅಮ್ಮನ ಆಪರೇಟರ್ ದನಿ, "ಒಂದು ಬಂತು." ಸ್ವಲ್ಪ ತಡೆದು, "ಇನ್ನೊಂದು. ಅದರ ಪಕ್ಕದ್ದು. ಮೇಲಿನ ಸಾಲು..." ಅಷ್ಟರಲ್ಲಿ ದನಿ ಒಡೆದು ನಮ್ಮ ಮನೆಯ ಅಮ್ಮನದಾಯಿತು. "ಎಲ್ಲಾ ಲೈನಿಗೆ ಬಂದ್ವು ಕಣೇ. ಒಂದು ಮಾತ್ರ ಇಲ್ಲ, ಉಳಿದೋರೆಲ್ಲ ಬಂದ್ರು."

ಅತ್ತಿಗೆ ಏಣಿಯ ಮೇಲೆಯೇ ಕಂಬಕ್ಕೆ ತಲೆಯಾನಿಸಿ ನಿಂತರು. ತಾತ, "ಇಳಿ ತಾಯಿ, ಏಣಿ ಹಳೇದು," ಎಂದಾಗಲೇ ಇಳಿದದ್ದು.

ಮೇಲಿನ ಗೂಟಗಳು ಇಷ್ಟು ದಿನ ಅಳೆದಿಟ್ಟುಕೊಂಡಿದ್ದನ್ನೆಲ್ಲ ಒಟ್ಟಿಗೆ ಕಕ್ಕಿದವು. ಕಚೇರಿಗೆ ಮರಳಿ ನೋಡಿದಾಗ ಪರದೆಯ ಗೆರೆ ಹೇಳುತ್ತಿದ್ದದ್ದು ನನಗೂ ಅರ್ಥವಾಯಿತು. ಮಳೆ ನಿಂತ ಮೇಲೂ ಮೇಲಿನ ನೆಲ ವಾಲುತ್ತಲೇ ಇತ್ತು, ನಿಧಾನವಾಗಿ, ಬಿಡದೆ. ಸಾಹೇಬರು ಬಟ್ಟೆ ಕೂಡ ಬದಲಾಯಿಸದೆ ಕೆಸರಿನಲ್ಲೇ ಶಾಲೆಗೆ ಹೋಗಿ, ಯಾರೂ ಬೀದಿಗೆ ಕಾಲಿಡಬಾರದೆಂದು ತಾವೇ ಹೇಳಿ ಬಂದರು. ಬೈಗುಳವನ್ನೂ ತಾವೇ ಹೊಟ್ಟೆಗೆ ಹಾಕಿಕೊಂಡರು.

ಎರಡು ದಿನ ಕಳೆದು, ಚುರುಚುರು ಬಿಸಿಲಿನ ಒಂದು ಮಧ್ಯಾಹ್ನ, ಗುಡ್ಡ ಬಂತು. ಲಾರಿಯಿಂದ ಜಲ್ಲಿ ಸುರಿದಂಥ ಸದ್ದು ಕೇಳಿಸಿತು. ಸುರಿದು ನಿಲ್ಲಬೇಕಲ್ಲ, ನಿಲ್ಲಲೇ ಇಲ್ಲ. ಧೂಳು ಇಳಿದ ಮೇಲೆ ನೋಡಿದರೆ ಬಣ್ಣದ ಬೀದಿಯ ಅರ್ಧ ಇರಲಿಲ್ಲ. ಅಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

ಬಣ್ಣದಕ್ಕ ನಮ್ಮ ಪಕ್ಕ ಬಂದು ನಿಂತರು. "ನನ್ನ ತೊಟ್ಟಿ ಹೋಯ್ತು," ಎಂದರು. ಹೇಳುತ್ತಲೇ ಅಳತೊಡಗಿದರು. ಅತ್ತಿಗೆ ಅವರ ನೀಲಿ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅತ್ತಿಗೆಯೂ ಅಳುತ್ತಿದ್ದರು.

ಬೀದಿ ಮತ್ತೆ ಕಟ್ಟುವವರೆಗೆ ಬಣ್ಣದಕ್ಕ ನಮ್ಮ ಹಿತ್ತಲಿನಲ್ಲೇ ಡ್ರಮ್ಮುಗಳನ್ನಿಟ್ಟುಕೊಂಡು ಕೆಲಸ ಮಾಡಿದರು. ನಲ್ಲಿಗಾಗಿ ಅವರಿಗೂ ಅಮ್ಮನಿಗೂ ದಿನಾ ಜಗಳ, ಸಂಜೆ ಒಟ್ಟಿಗೆ ಟೀ. ಹಿತ್ತಲ ನೆಲ ಒಂದು ದಿನ ಕೆಂಪು, ಒಂದು ದಿನ ಹಳದಿ. ಆ ವರ್ಷ ನಮ್ಮ ಮನೆಯಲ್ಲಿ ಬಿಳಿ ಬಟ್ಟೆ ಅಂತ ಒಂದೂ ಉಳಿಯಲಿಲ್ಲ. ನನ್ನ ಇಡೀ ಜೀವಮಾನದಲ್ಲಿ ಅಷ್ಟು ಗದ್ದಲದ, ಅಷ್ಟು ಸುಖದ ಮಳೆಗಾಲ ಇನ್ನೊಂದಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಯಾವಾಗ ಇದೆಲ್ಲ ಮುಗಿಯುತ್ತದೋ ಎಂದು ನಾನೂ ಗೊಣಗುತ್ತಿದ್ದೆ.

ಹೊಸ ಗೂಟಗಳು ಬಂದಾಗ ಅತ್ತಿಗೆ ಸಾಹೇಬರ ಹತ್ತಿರ ಪಟ್ಟು ಹಿಡಿದು ಒಂದು ನಿಯಮ ಮಾಡಿಸಿದರು. ಯಾವ ಗೂಟಕ್ಕೂ ಒಂದೇ ದಾರಿ ಇರಕೂಡದು, ಕೈಚಾಚಿದರೆ ಕನಿಷ್ಠ ಇಬ್ಬರಾದರೂ ಸಿಗಬೇಕು. ನಡುನಡುವೆ ಕೆಲವನ್ನು ನಿದ್ದೆ ಮಾಡಿಸಿ ಇಟ್ಟರು, ಯಾರಾದರೂ ಬಿದ್ದಾಗ ಎಚ್ಚರವಾಗಿ ಆ ಜಾಗ ತುಂಬಲಿ ಎಂದು. ಪಾರಿವಾಳದ ಕಂಬದ ಪೆಟ್ಟಿಗೆ ಹಾಗೇ ಉಳಿಯಿತು. ಹಕ್ಕಿಗಳು ಗೂಡು ಬಿಡಲಿಲ್ಲ. ಬದಲಿಗೆ ಸೋಲಾರ್ ಹಲಗೆಯ ಮೇಲೆಯೇ ಕೂತು ಗಲೀಜು ಮಾಡುತ್ತಿದ್ದವು. ಅದನ್ನು ಒರೆಸುವ ನೆಪದಲ್ಲಿ ಅತ್ತಿಗೆ ವಾರಕ್ಕೊಮ್ಮೆ ಹೋಗುತ್ತಿದ್ದರು. ತಾತ ಇರುವವರೆಗೂ ಹೋದರು.

ಅಮ್ಮ ತೀರಿಕೊಂಡ ವರ್ಷವೇ ಕಚೇರಿಯೂ ಮುಚ್ಚಿತು. ಈಗಿನ ಪೆಟ್ಟಿಗೆಗಳು ಬೆಂಕಿಪೊಟ್ಟಣದಷ್ಟಿವೆಯಂತೆ. ಒಂದು ಸತ್ತರೆ ಉಳಿದವು ತಾವೇ ದಾರಿ ಹುಡುಕಿಕೊಳ್ಳುತ್ತವೆ. ದೂರದ ಯಾವುದೋ ನಗರದಲ್ಲಿ ಕೂತ ಯಾರೋ ಗಮನಿಸುತ್ತಾರೆ. ಅತ್ತಿಗೆಗೆ ಅದರ ಬಗ್ಗೆ ಬೇಸರವಿಲ್ಲ. "ಒಳ್ಳೇದೇ ಆಯ್ತಲ್ಲ. ನಮ್ಮ ಹಾಗೆ ಕೆಸರಲ್ಲಿ ಬೀಳೋದು ತಪ್ಪಿತು," ಎನ್ನುತ್ತಾರೆ. ಹಗ್ಗದಣ್ಣ ಎಲ್ಲೋ ಸೇತುವೆ ಕೆಲಸಕ್ಕೆ ಹೋದವನು ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾನೆ. ಫೋನಿನಲ್ಲೂ ಅವನ ಮಾತು ಕಡಿಮೆಯೇ. ಇಬ್ಬರೂ ಹೆಚ್ಚು ಹೊತ್ತು ಸುಮ್ಮನೇ ಇರುತ್ತಾರೆ, ಆದರೆ ಬೇಗ ಇಡುವುದಿಲ್ಲ.

ನಿವೃತ್ತಿಯಾದ ಮೇಲೆ ಅತ್ತಿಗೆ ಈಜು ಕಲಿಯಲು ಸೇರಿದರು. ಈ ವಯಸ್ಸಿನಲ್ಲಿ ಯಾಕೆ ಎಂದು ಅಣ್ಣ ಕೇಳಿದ್ದಕ್ಕೆ, "ಜೀವನವಿಡೀ ಹತ್ತಿದ್ದು ಇಳಿದದ್ದು ಸಾಕಾಯ್ತು. ಎಲ್ಲಾದ್ರೂ ಸಮತಟ್ಟಾಗಿರೋ ಕಡೆ ಹೋಗೋಣ ಅನ್ಸಿತು," ಎಂದರಂತೆ. ಬೆಳಿಗ್ಗೆ ಕೆಲವು ಸಲ ನಾನೂ ಜೊತೆಗೆ ಹೋಗುತ್ತೇನೆ. ಅವರು ಮೂಗು ಹಿಡಿದುಕೊಂಡು ಮುಳುಗುತ್ತಾರೆ, ಕೆಮ್ಮುತ್ತಾ ಏಳುತ್ತಾರೆ, ಗೋಡೆ ಹಿಡಿದು ಕಾಲು ಬಡಿಯುತ್ತಾರೆ. ನಾನು ಟವೆಲ್ ಹಿಡಿದು ದಡದಲ್ಲಿ ಕೂರುತ್ತೇನೆ. ಮೊನ್ನೆ ಮೊದಲ ಸಲ ಗೋಡೆ ಬಿಟ್ಟು ಕೊಳದ ನಡುವಿನವರೆಗೆ ಹೋಗಿ, ಅಲ್ಲೇ ತೇಲುತ್ತಾ, ನನ್ನ ಕಡೆ ತಿರುಗಿ ಕೈ ಎತ್ತಿದರು. ಎತ್ತಿದ ಕೂಡಲೇ ಮುಳುಗಿದರು. ಎದ್ದು ಬಂದು ಟವೆಲ್ ಹೊದ್ದುಕೊಂಡು, "ಕೈ ಎತ್ತಬಾರದಿತ್ತು," ಎಂದು ನಕ್ಕರು.